ಅಪ್ಪ ಪ್ಲಗ್ ಕೀಳುವ ಮನೆಯಲ್ಲಿ ಸರ್ವರ್

ಚೌತಿಗೆ ಬರುವಾಗ ತಮ್ಮ ಬೆಂಗಳೂರಿನಿಂದ ಒಂದು ಕಪ್ಪು ಡಬ್ಬಿ ತಂದ. ಎಸ್‌ಪಿ ರೋಡಿನ ಸೆಕೆಂಡ್ ಹ್ಯಾಂಡ್ ಅಂಗಡಿಯದು. ಡೆಲ್ ಆಪ್ಟಿಪ್ಲೆಕ್ಸ್ 3060 ಅನ್ನುವ ಕಂಪ್ಯೂಟರು, ಅದರಲ್ಲಿ ಮೈಕ್ರೋ ಅನ್ನುವ ಪುಟಾಣಿ ಮಾದರಿ. ಯಾವುದೋ ಆಫೀಸಿನಲ್ಲಿ ನಾಲ್ಕೈದು ವರ್ಷ ದುಡಿದು ನಿವೃತ್ತಿ ಆದದ್ದು. ಒಳಗೆ ಐ5-8500ಟಿ, ಆರು ಕೋರು, 8 ಜಿಬಿ ರ್‍ಯಾಮ್, 256 ಜಿಬಿಯ ಎಸ್‌ಎಸ್‌ಡಿ. 14,000 ರೂಪಾಯಿ ಕೊಟ್ಟನಂತೆ. ಇನ್ನೊಂದು 8 ಜಿಬಿ ರ್‍ಯಾಮ್ ಮತ್ತು ಲ್ಯಾಪ್‌ಟಾಪಿಗೆ ಹಾಕುವ 2 ಟಿಬಿ ಹಾರ್ಡ್ ಡಿಸ್ಕ್ ನನ್ನ ಹತ್ತಿರವೇ ಇದ್ದವು. ಒಳಗೆ ಕಡಬು ಬೇಯುವಷ್ಟರಲ್ಲಿ ಎರಡನ್ನೂ ಕೂರಿಸಿ ಮುಚ್ಚಳ ಹಾಕಿದೆ. ಇದನ್ನು ಮನೆಯ ಸರ್ವರ್ ಮಾಡಬೇಕು ಅಂತ ನನ್ನ ಆಸೆ. ಅಂದರೆ ಯಾವಾಗಲೂ ಆನ್ ಇದ್ದು ಮನೆಯವರ ಫೋಟೊ, ಹಾಡು, ಫೈಲು ನೋಡಿಕೊಳ್ಳುವ ಕಂಪ್ಯೂಟರು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ. 2020ರಲ್ಲಿ ಲ್ಯಾಪ್‌ಟಾಪ್ ಹಿಡಿದು ಬಂದವನು ವಾಪಸ್ ಬೆಂಗಳೂರಿಗೆ ಹೋಗಲೇ ಇಲ್ಲ. ಇಷ್ಟು ವರ್ಷ ರಾಸ್‌ಬೆರಿ ಪೈ 4 ಅನ್ನುವ ಅಂಗೈಯಗಲದ ಕಂಪ್ಯೂಟರಿನಲ್ಲಿ ಏನೋ ಆಟ ಆಡಿಕೊಂಡಿದ್ದೆ. ಕರೆಂಟು ಹೋಗಿ ಬಂದು ಅದರ ಮೆಮೊರಿ ಕಾರ್ಡು ಮೂರು ಸಲ ಕೆಟ್ಟಿತು. ಮೂರನೇ ಸಲ ನಾನೂ ಸುಮ್ಮನಾದೆ. ಈಗ ಸರಿಯಾದ ಯಂತ್ರ ಬಂತು, ಇನ್ನು ನೋಡಿ ಅಂತ ಖುಷಿಯಾಯಿತು.

ಅಡಿಕೆ ಮಂಡಿಯವರು ಕೊಟ್ಟ ಕ್ಯಾಲೆಂಡರಿನ ಜುಲೈ ಹಾಳೆ ಹರಿದು, ಹಿಂದುಗಡೆ ಏನೇನು ಸರ್ವಿಸ್, ಅಂದರೆ ಸಾಫ್ಟ್‌ವೇರ್, ಹಾಕಬೇಕು ಅಂತ ಪಟ್ಟಿ ಬರೆದೆ. ಹದಿನೇಳು ಆಯಿತು. ಫೋಟೊಗೆ ಒಂದು, ಸಿನಿಮಾಗೆ ಒಂದು, ಹಾಡಿಗೆ ಒಂದು, ಪಾಸ್‌ವರ್ಡಿಗೆ ಒಂದು, ಜಾಹೀರಾತು ತಡೆಯಲು ಒಂದು. ಅಡುಗೆ ರೆಸಿಪಿ ಬರೆದಿಡುವುದಕ್ಕೂ ಒಂದು ಇತ್ತು. ಅಮ್ಮ ಇವತ್ತಿನ ತನಕ ಒಂದು ಸಾರನ್ನೂ ಬರೆದಿಟ್ಟವಳಲ್ಲ.

ಮೊದಲನೇ ಪ್ರಶ್ನೆ ಕೆಳಗೆ ಯಾವ ಸಿಸ್ಟಮ್ ಅನ್ನುವುದು. ಗೆಳೆಯರೆಲ್ಲ ಪ್ರಾಕ್ಸ್‌ಮಾಕ್ಸ್ ಹಾಕು ಅಂದರು. ಒಂದೇ ಯಂತ್ರದಲ್ಲಿ ನಾಲ್ಕಾರು ಯಂತ್ರ ಇದ್ದ ಹಾಗೆ ಮಾಡಿಕೊಳ್ಳಬಹುದು, ಒಂದು ಕೆಟ್ಟರೆ ಹಿಂದಿನ ಸ್ಥಿತಿಗೆ ತರಬಹುದು. ಒಳ್ಳೆಯದೇ. ಆದರೆ 16 ಜಿಬಿಯ ಒಂದೇ ಡಬ್ಬಿಗೆ ಅಷ್ಟು ಅಂತಸ್ತು ಬೇಡ ಅನ್ನಿಸಿತು. ಲಿನಕ್ಸಿನ ಡೆಬಿಯನ್ 13 ಆಗಷ್ಟೇ, 2025ರ ಆಗಸ್ಟ್ 9ಕ್ಕೆ ಬಂದಿತ್ತು. ಅದನ್ನೇ ಹಾಕಿ, ಮೇಲೆ ಡಾಕರ್ ಹಾಕಿದೆ, ಅದು ಒಂದೊಂದು ಸಾಫ್ಟ್‌ವೇರನ್ನೂ ಬೇರೆ ಬೇರೆಯಾಗಿ ಇಟ್ಟು ಓಡಿಸುತ್ತದೆ. ಒಂದೊಂದು ಸರ್ವಿಸ್‌ಗೆ ಒಂದೊಂದು ಫೋಲ್ಡರು, ಅದರಲ್ಲಿ ಏನು ಹೇಗೆ ಓಡಬೇಕು ಅಂತ ಬರೆದ ಒಂದು ಕಾಂಪೋಸ್ ಫೈಲು. ಬೇಡವಾದರೆ ಫೋಲ್ಡರ್ ಸಮೇತ ಅಳಿಸಿದರಾಯಿತು. ಈ ಅಳಿಸುವ ಸೌಕರ್ಯವೇ ಆಮೇಲೆ ಜಾಸ್ತಿ ಉಪಯೋಗಕ್ಕೆ ಬಂತು.

ಮೊದಲ ಶನಿವಾರ, ಭಾನುವಾರ ಕೂತು ಹದಿನೇಳರಲ್ಲಿ ಹದಿನಾಲ್ಕನ್ನು ಹಾಕಿಬಿಟ್ಟೆ. ಎಲ್ಲದಕ್ಕೂ ಬಣ್ಣಬಣ್ಣದ ಐಕಾನ್ ಇರುವ ಒಂದು ಡ್ಯಾಶ್‌ಬೋರ್ಡ್ ಪುಟ ಮಾಡಲು ಇನ್ನೊಂದು ಸಂಜೆ ಹೋಯಿತು. ಹದಿನಾಲ್ಕಕ್ಕೂ ಹಸಿರು ದೀಪ. ನಿಜ ಹೇಳಬೇಕೆಂದರೆ ಆ ವಾರ ನಾನು ಬಳಸಿದ್ದು ಆ ಡ್ಯಾಶ್‌ಬೋರ್ಡ್ ಒಂದನ್ನೇ.

ಬುಧವಾರ ಮಧ್ಯಾಹ್ನ ಮೂರಕ್ಕೆ ಗುಡುಗಿತು. ಅಪ್ಪ ಎದ್ದರು.

ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಇಲ್ಲಿ ಸಿಡಿಲು ಅಂದರೆ ಮನೆಯ ಎಲ್ಲ ಪ್ಲಗ್ ಕೀಳಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಹೊರಗೆ ಬರಬೇಕು. ಟಿವಿ, ಫ್ರಿಜ್, ರೌಟರ್, ಇನ್ವರ್ಟರ್. ಹಿಂದೆ ತಾಮ್ರದ ಫೋನ್ ತಂತಿ ಇದ್ದಾಗ ಅದರಲ್ಲೇ ಬಂದು ಎರಡು ಮೋಡೆಮ್ ಸುಟ್ಟಿದ್ದವು. ಈಗ ಫೈಬರ್, ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ. ಆದರೆ ಅದರ ಅಡಾಪ್ಟರ್ ಗೋಡೆಯಲ್ಲೇ ಇರುತ್ತದಲ್ಲ. ಅಪ್ಪನದು ಒಂದು ಲೆಕ್ಕ ಇದೆ. ಮಿಂಚಿದ ಕೂಡಲೇ ಎಣಿಸಲು ಶುರು ಮಾಡುತ್ತಾರೆ. ಇಪ್ಪತ್ತರ ಒಳಗೆ ಗುಡುಗಿದರೆ ಪ್ಲಗ್ ಕೀಳುವುದು. ಶಬ್ದಕ್ಕೆ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಅಂದರೆ ಆರೇಳು ಕಿಲೋಮೀಟರ್ ಒಳಗಿನ ಸಿಡಿಲೆಲ್ಲ ಅಪ್ಪನ ಪಾಲಿಗೆ ಮನೆ ಅಂಗಳಕ್ಕೇ ಬಂದ ಹಾಗೆ. ಅವರನ್ನು ತಪ್ಪು ಅನ್ನಲು ನನಗೆ ಧೈರ್ಯವಿಲ್ಲ.

ಆ ಬುಧವಾರ ಅವರು ಸರ್ವರಿನ ಪ್ಲಗ್ಗನ್ನೂ ಕಿತ್ತರು. ನಾನು ಮೀಟಿಂಗಿನಲ್ಲಿದ್ದೆ. ಇಂಟರ್ನೆಟ್ ಹೋಯಿತು, ಅದು ಸರಿ. ಅರ್ಧ ಗಂಟೆ ಬಿಟ್ಟು ಅಪ್ಪ ರೌಟರ್ ವಾಪಸ್ ಹಾಕಿದರು, ಸರ್ವರಿನದು ಹಾಕಲು ಮರೆತರು. ರೌಟರಿನ ದೀಪವೆಲ್ಲ ಸರಿ ಇವೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಹೆಂಡತಿಯ ಫೋನಿನಲ್ಲಿ ಇಲ್ಲ, ಮಗಳ ಟ್ಯಾಬಿನಲ್ಲಿ ಇಲ್ಲ. ಕೇಬಲ್ಲಿನವರಿಗೆ ಫೋನ್ ಮಾಡಿ ಬೈಯುವ ಹಂತಕ್ಕೆ ಹೋದ ಮೇಲೆ ನೆನಪಾಯಿತು. ಜಾಹೀರಾತು ತಡೆಯಲು ಪೈ-ಹೋಲ್ ಹಾಕಿ, ಇಡೀ ಮನೆಯ ಡಿಎನ್‌ಎಸ್ ಅನ್ನು ಸರ್ವರಿನ ಕಡೆ ತಿರುಗಿಸಿದ್ದೆ. ಹೆಸರು ಹೇಳಿದರೆ ವಿಳಾಸ ಹುಡುಕಿ ಕೊಡುವವನೇ ಮಲಗಿದ್ದ.

ಅವತ್ತು ರಾತ್ರಿ ಕ್ಯಾಲೆಂಡರ್ ಹಾಳೆ ಮತ್ತೆ ತೆಗೆದೆ. ಈ ಸಲ ಪ್ರತಿ ಹೆಸರಿನ ಮುಂದೆಯೂ ಒಂದೇ ಪ್ರಶ್ನೆ. ಅಪ್ಪ ಹೇಳದೆ ಕೇಳದೆ ಪ್ಲಗ್ ಕಿತ್ತರೆ ಯಾರಿಗೆ ಏನು ತೊಂದರೆ?

ಪೈ-ಹೋಲ್ ಮೊದಲು ಹೋಯಿತು. ಎರಡನೇ ಡಿಎನ್‌ಎಸ್ ಅಂತ ಹೊರಗಿನದೊಂದನ್ನು ಕೊಟ್ಟರಾಯಿತಲ್ಲ ಅನ್ನಬಹುದು. ಅದು ಹಾಗೆ ನಡೆಯುವುದಿಲ್ಲ. ಮೊದಲನೆಯದು ಸತ್ತರೆ ಮಾತ್ರ ಎರಡನೆಯದಕ್ಕೆ ಹೋಗು ಅಂತ ಫೋನುಗಳಿಗೆ ನಿಯಮವೇನಿಲ್ಲ, ಮನಸ್ಸಿಗೆ ಬಂದ ಕಡೆ ಕೇಳುತ್ತವೆ. ಆಗ ಜಾಹೀರಾತು ಅರ್ಧ ಬರುತ್ತದೆ, ಅರ್ಧ ಬರುವುದಿಲ್ಲ. ಅಲ್ಲದೆ ಮನೆಯವರಿಗೆ ನಿಜವಾಗಿ ಕಾಟ ಕೊಡುವುದು ಯೂಟ್ಯೂಬಿನ ಜಾಹೀರಾತು. ಅದು ವಿಡಿಯೊ ಬರುವ ಕಡೆಯಿಂದಲೇ ಬರುತ್ತದೆ, ಡಿಎನ್‌ಎಸ್ ಹಿಡಿದು ತಡೆಯಲು ಆಗುವುದಿಲ್ಲ.

ಪಾಸ್‌ವರ್ಡಿನ ವಾಲ್ಟ್‌ವಾರ್ಡನ್ ಹೋಯಿತು. ಪ್ಲಗ್ ಕಿತ್ತರೂ ಫೋನಿನಲ್ಲಿ ಒಂದು ಪ್ರತಿ ಉಳಿಯುತ್ತದೆ, ಅಷ್ಟೇನೂ ತೊಂದರೆ ಇಲ್ಲ. ಆದರೆ ಸಿಡಿಲಿಗೆ ಡಬ್ಬಿಯೇ ಸುಟ್ಟು, ಅದೇ ದಿನ ಬ್ಯಾಂಕಿನ ಪಾಸ್‌ವರ್ಡು ಬೇಕಾಗಿ, ನಾನು ಊರಲ್ಲಿ ಇಲ್ಲದೆ, ಹೆಂಡತಿ ಒಬ್ಬಳೇ ಕೂತು ಇದನ್ನು ಸರಿ ಮಾಡುವ ಚಿತ್ರ ಕಣ್ಣ ಮುಂದೆ ಬಂತು. ಬೇಡ. ಇಮೇಲ್ ಸರ್ವರ್ ಮಾತಂತೂ ಎತ್ತಲೇಬೇಡಿ. ಮನೆಯ ಕನೆಕ್ಷನ್ನಿಂದ ಹೋದ ಮೇಲ್ ಸ್ಪ್ಯಾಮ್ ಡಬ್ಬಿಗೇ ಬೀಳುವುದು.

ಫೈಲು, ಕ್ಯಾಲೆಂಡರ್ ಎಲ್ಲ ಇಡುವ ನೆಕ್ಸ್ಟ್‌ಕ್ಲೌಡ್ ದೊಡ್ಡ ಮನೆ. ನನಗೆ ಬೇಕಾದದ್ದು ಒಂದು ಕೋಣೆ, ಲ್ಯಾಪ್‌ಟಾಪಿನ ಎರಡು ಫೋಲ್ಡರ್ ಇಲ್ಲಿಗೂ ಬಂದು ಕೂರಬೇಕು ಅಷ್ಟೇ. ಅದಕ್ಕೆ ಸಿಂಕ್‌ಥಿಂಗ್ ಸಾಕು. ಜೆಲ್ಲಿಫಿನ್ ಹಾಕಿ, ಸಿನಿಮಾ ಎರಡು ಕಾಪಿ ಮಾಡಿ ನೋಡಿದೆ. ಇಂಟೆಲ್ ಚಿಪ್ಪಿನೊಳಗೇ ಇರುವ ಕ್ವಿಕ್ ಸಿಂಕ್ ಬಳಸಿ ಟಿವಿಗೆ ಬೇಕಾದ ಹಾಗೆ ಸಲೀಸಾಗಿ ಬದಲಾಯಿಸಿ ಕೊಡುತ್ತದೆ, ತಾಂತ್ರಿಕವಾಗಿ ಬಹಳ ಚೆಂದ. ಒಂದೂವರೆ ತಿಂಗಳಲ್ಲಿ ಅದನ್ನು ತೆರೆದವನು ನಾನೊಬ್ಬನೇ, ಅದೂ ಸರಿ ಇದೆಯಾ ಅಂತ ನೋಡಲು. ಹೋಮ್ ಅಸಿಸ್ಟೆಂಟಿನಲ್ಲಿ ತೋಟದ ಪಂಪು ನಡೆಸುವ ಕನಸಿತ್ತು. ಪಂಪಿಗೆ ಸಿಮ್ ಹಾಕಿದ ಸ್ಟಾರ್ಟರ್ ಆಗಲೇ ಇದೆ. ಅಪ್ಪ ಮಿಸ್ಡ್ ಕಾಲ್ ಕೊಟ್ಟರೆ ಶುರುವಾಗುತ್ತದೆ. ಅದಕ್ಕಿಂತ ಸುಲಭ ನಾನೇನು ಮಾಡಲಿ?

ಇಷ್ಟರಲ್ಲಿ ಅಮ್ಮನ ವಿಚಾರಣೆ ಶುರುವಾಯಿತು.

"ಇದು ರಾತ್ರಿಯೂ ಉರಿತಿರತ್ತಾ?"

"ಹೌದಮ್ಮ, ಯಾವಾಗಲೂ."

"ಹಂಗಾದ್ರೆ ಸೊನ್ನೆ ಬಿಲ್ಲು?"

ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಗೆ ಬರುವ ಬಿಲ್ಲಿನಲ್ಲಿ ಕಟ್ಟಬೇಕಾದ ಮೊತ್ತ ಸೊನ್ನೆ. ಜನ 200 ಯೂನಿಟ್ ಫ್ರೀ ಅಂದುಕೊಂಡಿದ್ದಾರೆ. ಅದು ಮೇಲಿನ ಮಿತಿ. ಪ್ರತಿ ಮನೆಗೂ ಬೇರೆ ಬೇರೆ ಲೆಕ್ಕ. ನಮ್ಮಷ್ಟು ಬಳಸುವ ಮನೆಗೆ, 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದೆವೋ ಅದಕ್ಕೆ ಶೇಕಡಾ 10 ಸೇರಿಸಿ ಅಷ್ಟು ಫ್ರೀ. ನಮ್ಮ ಸರಾಸರಿ 58. ಶೇಕಡಾ 10 ಸೇರಿಸಿದರೆ 64 ಆಗುತ್ತದೆ. ಪಂಪಿನ ಮೀಟರು ಬೇರೆ, ಅದು ಇದರಲ್ಲಿ ಬರುವುದಿಲ್ಲ. ಈಗ ನಾವು ಬಳಸುವುದು ತಿಂಗಳಿಗೆ 56ರ ಆಸುಪಾಸು. ಅಂದರೆ ನನ್ನ ಸರ್ವರಿಗೆ ಈ ಮನೆಯಲ್ಲಿ ಇರುವ ಜಾಗ ಎಂಟು ಯೂನಿಟ್.

ಪ್ಲಗ್ಗಿಗೂ ಯಂತ್ರಕ್ಕೂ ನಡುವೆ ಹಾಕುವ ವ್ಯಾಟ್ ಮೀಟರ್ ತರಿಸಿದೆ. ಸುಮ್ಮನೆ ಕೂತಿರುವಾಗ ಡಬ್ಬಿ ಎಳೆಯುವುದು 11 ವ್ಯಾಟ್. ದಿನಕ್ಕೆ 24 ಗಂಟೆ, 30 ದಿನ. ಲೆಕ್ಕ ಹಾಕಿದರೆ 7.92 ಯೂನಿಟ್. ಇಷ್ಟು ಕರಾರುವಾಕ್ಕಾಗಿ ನನ್ನ ಬದುಕಿನಲ್ಲಿ ಏನೂ ಹೊಂದಿಕೊಂಡಿರಲಿಲ್ಲ. ಮೇಲೆ ಹೋದರೂ 200ರ ಒಳಗೇ ಇರುವ ತನಕ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ದುಡ್ಡು, ಹತ್ತೋ ಇಪ್ಪತ್ತೋ ರೂಪಾಯಿ ಅಂತ ಅಮ್ಮನಿಗೆ ವಿವರಿಸಿದೆ. ಅವಳಿಗೆ ಇಪ್ಪತ್ತು ರೂಪಾಯಿಯ ಚಿಂತೆ ಅಲ್ಲ. ಸೊನ್ನೆ ಸೊನ್ನೆಯಾಗಿಯೇ ಇರಬೇಕು.

ಹಾಗಾಗಿ ಉಳಿಯುವ ಸರ್ವಿಸ್‌ಗಳು ಎರಡು ಪರೀಕ್ಷೆ ಪಾಸಾಗಬೇಕಾಯಿತು. ಅಪ್ಪ ಕಿತ್ತರೆ ಯಾರಿಗೂ ತೊಂದರೆ ಆಗಬಾರದು. ಅಮ್ಮನ ಸೊನ್ನೆ ಕೆಡಬಾರದು.

ಫೋಟೊ ಎರಡರಲ್ಲೂ ಪಾಸು, ಮೊದಲ ತಿಂಗಳು ಬಿಟ್ಟರೆ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿ ಇಲ್ಲದ ಉಚಿತ ಜಾಗ ನಿಲ್ಲಿಸಿತಲ್ಲ, ಅವತ್ತಿನಿಂದ ಹೆಂಡತಿಯ ಫೋನಿನಲ್ಲಿ ಜಾಗ ತುಂಬಿದೆ ಅನ್ನುವ ಸೂಚನೆ ದಿನಾ ಬರುತ್ತಿತ್ತು. 15 ಜಿಬಿ ಎಲ್ಲಿ ಸಾಲುತ್ತದೆ? ಮಗಳು ಹುಟ್ಟಿದ ವರ್ಷದ್ದೇ ಅಷ್ಟಿದೆ. ಎಲ್ಲರದ್ದೂ ಸೇರಿಸಿ ನೋಡಿದರೆ 310 ಜಿಬಿ. ಫೋಟೊ ಇಡುವ ಇಮ್ಮಿಚ್ ಬಗ್ಗೆ ಮುಂಚೆಯೇ ಗೊತ್ತಿತ್ತು. ಆದರೆ ನಿಮ್ಮ ಫೋಟೊ ಇಡಲು ಇದೊಂದನ್ನೇ ನಂಬಬೇಡಿ ಅಂತ ಅದನ್ನು ಮಾಡಿದವರೇ ದೊಡ್ಡದಾಗಿ ಬರೆದುಕೊಂಡಿದ್ದರು. ಅಕ್ಟೋಬರ್ 1ಕ್ಕೆ 2.0 ಬಂತು, ಸ್ಥಿರ ಆವೃತ್ತಿ ಅಂತ ಘೋಷಿಸಿದರು. ನಾನು ಅಲ್ಲಿಯ ತನಕ ಕಾದೆ ಅನ್ನಲಾರೆ, ಹಾಕಿ ಆಗಿತ್ತು. ಆದರೆ ಹೆಂಡತಿಯ ಫೋನಿನಿಂದ ಹಳೆಯದನ್ನು ಅಳಿಸಲು ಆಮೇಲೇ ಒಪ್ಪಿದ್ದು.

ಫೋಟೊ ಎಲ್ಲ ಒಳಗೆ ಹೋದ ಮೇಲೆ ಅದು ಒಂದೊಂದನ್ನೂ ನೋಡಿ ಮುಖ ಗುರುತಿಸುತ್ತದೆ. ನಮ್ಮಮ್ಮನನ್ನೂ ತೀರಿಕೊಂಡ ಅಜ್ಜಿಯನ್ನೂ ಒಬ್ಬರೇ ಅಂತ ಸೇರಿಸಿತು. ಬಿಡಿಸಲು ಹೋಗಿ ಕೆಲವು ಹಳೇ ಫೋಟೊಗಳಲ್ಲಿ ನನಗೇ ಅನುಮಾನ ಬಂತು. ಮದುವೆ ಮನೆಯ ಒಂದರಲ್ಲಿ ಸೀರೆ ನೋಡಿ ಅಮ್ಮನೇ ಹೇಳಬೇಕಾಯಿತು. ಇನ್ನೊಂದು ತಮಾಷೆ, ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ ನಾಯಿ ಅಂತ ಬರೆದರೆ ನಾಯಿ ಬರುತ್ತದೆ. ಕನ್ನಡದಲ್ಲಿ ಬರೆದರೆ ಏನೇನೋ ಬರುತ್ತದೆ, ಅಡಿಕೆ ಅಂದರೆ ಬಸ್ ಸ್ಟ್ಯಾಂಡ್ ತೋರಿಸಿತು. ಅದು ಮೊದಲಿಗೆ ಕೊಡುವ ಮಾಡೆಲ್ಲಿಗೆ ಇಂಗ್ಲಿಷ್ ಮಾತ್ರ ಬರುವುದು. ಸೆಟ್ಟಿಂಗಿನಲ್ಲಿ ಹಲವು ಭಾಷೆ ಬರುವ ಮಾಡೆಲ್ ಒಂದನ್ನು ಆರಿಸಿ, ಎಲ್ಲ ಫೋಟೊ ಮತ್ತೆ ಓದಿಸಬೇಕು. ಓದಿಸಿದೆ. ಈಗ ಅಡಿಕೆ ಅಂದರೆ ಅಂಗಳದಲ್ಲಿ ಹರವಿದ ಅಡಿಕೆ ಬರುತ್ತದೆ. ಆದರೆ ಆ ಮೂರು ದಿನ ಡಬ್ಬಿ ಬಿಸಿಯಾಗಿ 45 ವ್ಯಾಟ್ ಎಳೆಯಿತು. ಆ ತಿಂಗಳು 66 ಯೂನಿಟ್ ಆಯಿತು. ಎರಡು ಯೂನಿಟ್ ಹೆಚ್ಚು. ಬಿಲ್ಲು ಹದಿನೈದು ರೂಪಾಯಿಯೂ ಇರಲಿಲ್ಲ, ಆದರೆ ಅಮ್ಮ ಅದನ್ನು ಕ್ಯಾಲೆಂಡರಿನ ಮೊಳೆಗೆ ಚುಚ್ಚಿಟ್ಟಳು. ಇನ್ನೂ ಅಲ್ಲೇ ಇದೆ.

ಅಪ್ಪ ಕಿತ್ತರೆ ಫೋಟೊಗೆ ಏನಾಗುತ್ತದೆ? ಏನೂ ಇಲ್ಲ. ಫೋನು ಕಾಯುತ್ತದೆ, ಸರ್ವರ್ ಬಂದ ಮೇಲೆ ಕಳಿಸುತ್ತದೆ.

ಕಾಗದಪತ್ರಕ್ಕೆ ಪೇಪರ್‌ಲೆಸ್ ಉಳಿಸಿಕೊಂಡೆ. ಪಹಣಿ, ಮಂಡಿಯ ಪಟ್ಟಿ, ಕಂದಾಯದ ರಸೀದಿ, ಸೊಸೈಟಿ ಸಾಲದ ಕಾಗದ, ಇವೆಲ್ಲ ಮನೆಯಲ್ಲಿ ಒಂದು ಕಬ್ಬಿಣದ ಟ್ರಂಕಿನಲ್ಲಿವೆ. ಮಳೆಗಾಲದಲ್ಲಿ ಮೇಲೆ ಬೂಸು ಬರುತ್ತದೆ. ಒಂದೊಂದೇ ಸ್ಕ್ಯಾನ್ ಮಾಡಿ ಹಾಕುತ್ತಿದ್ದೇನೆ. ಇದರೊಳಗೆ ಅಕ್ಷರ ಓದುವುದು ಟೆಸರಾಕ್ಟ್, ಅದಕ್ಕೆ ಕನ್ನಡ ಬರುತ್ತದೆ. ಆದರೆ ಎರಡು ಕಡೆ ಹೇಳಬೇಕು. ಒಂದು ಕಡೆ ಕನ್ನಡದ ಫೈಲು ತರಿಸಿಕೋ ಅಂತ, ಇನ್ನೊಂದು ಕಡೆ ಓದುವಾಗ ಕನ್ನಡ, ಇಂಗ್ಲಿಷ್ ಎರಡನ್ನೂ ಬಳಸು ಅಂತ. ನಾನು ಒಂದೇ ಕಡೆ ಹೇಳಿ ಒಂದು ದಿನ ತಲೆ ಕೆಡಿಸಿಕೊಂಡೆ. ಪ್ರಿಂಟ್ ಆದ ಪಹಣಿಯನ್ನು ಚೆನ್ನಾಗಿ ಓದುತ್ತದೆ, ಒತ್ತಕ್ಷರದಲ್ಲಿ ಆಗಾಗ ಎಡವುತ್ತದೆ. ಮಂಡಿಯವರ ಕೈಬರಹ ಅದಕ್ಕೂ ಅರ್ಥವಾಗುವುದಿಲ್ಲ, ನಮಗೂ ಇಲ್ಲ. ಅಂಥದ್ದಕ್ಕೆ ತಾರೀಖು, ಸರ್ವೆ ನಂಬರ್ ನಾನೇ ಬರೆಯುತ್ತೇನೆ.

ಮೂರನೆಯದು ಪಟ್ಟಿಯಲ್ಲಿ ಇರಲೇ ಇಲ್ಲ. ಟ್ರಂಕಿನ ತಳದಲ್ಲಿ ಅಪ್ಪ ರೆಕಾರ್ಡ್ ಮಾಡಿದ ತಾಳಮದ್ದಳೆ ಕ್ಯಾಸೆಟ್‌ಗಳು ಸಿಕ್ಕವು. ಹಳೇ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ, ದೇವಸ್ಥಾನದ ಪೌಳಿಯಲ್ಲಿ ಮುಂದೆ ಕೂತು ರೆಕಾರ್ಡ್ ಮಾಡುತ್ತಿದ್ದರಂತೆ. ಒಟ್ಟು ನಲವತ್ತು. ಆರರ ಟೇಪಿಗೆ ಬಿಳಿ ಬೂಸು ಹತ್ತಿ ಅಂಟಿಕೊಂಡಿತ್ತು, ಅವು ಹೋದವು. ಉಳಿದ 34ನ್ನು ಒಂದು ವಾಕ್‌ಮನ್ನಿಂದ ಲ್ಯಾಪ್‌ಟಾಪಿಗೆ ತಂತಿ ಹಾಕಿ, ಆಡಾಸಿಟಿಯಲ್ಲಿ ಇಳಿಸಿದೆ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು, ಅವಸರ ಮಾಡುವ ಹಾಗಿಲ್ಲ. ಕೆಲಸದ ಪಕ್ಕದಲ್ಲೇ ಓಡುತ್ತಿತ್ತು. ಎಲ್ಲ ಸೇರಿ 3 ಜಿಬಿ ಕೂಡ ಆಗಲಿಲ್ಲ.

ಹಾಡಿನ ನ್ಯಾವಿಡ್ರೋಮಿಗೆ ಹಾಕಿದೆ, ಸರಿ ಬರಲಿಲ್ಲ. ಅದು ಹಾಡು ಅಂದುಕೊಳ್ಳುತ್ತದೆ. ಕೃಷ್ಣ ಸಂಧಾನ ಅಂದರೆ ಮೂರು ಕ್ಯಾಸೆಟ್ಟು, ಆರು ಮಗ್ಗುಲು. ಅಪ್ಪ ನಡುವೆ ಊಟಕ್ಕೆ ಎದ್ದು ಬಂದರೆ ಕೌರವನ ಮಾತು ಎಲ್ಲಿಗೆ ಬಂದಿತ್ತು ಅಂತ ಹುಡುಕಬೇಕು. ಆಮೇಲೆ ಆಡಿಯೊಬುಕ್‌ಶೆಲ್ಫ್ ಹಾಕಿ, ಒಂದೊಂದು ಪ್ರಸಂಗವನ್ನೂ ಒಂದೊಂದು ಪುಸ್ತಕ ಅಂತ ಮಾಡಿದೆ. ಮಗ್ಗುಲುಗಳು ಅಧ್ಯಾಯಗಳಾದವು. ನಿಲ್ಲಿಸಿದ ಜಾಗವನ್ನು ನೆನಪಿಟ್ಟು ಅಲ್ಲಿಂದಲೇ ಶುರು ಮಾಡುತ್ತದೆ. ನನ್ನ ಹಳೇ ಫೋನಿನಲ್ಲಿ ಆಪ್ ಹಾಕಿ ಅಪ್ಪನಿಗೆ ಕೊಟ್ಟೆ. ಎರಡು ದಿನ ಆ ಕಡೆ ತಿರುಗಿಯೂ ನೋಡಲಿಲ್ಲ. ಮೂರನೇ ದಿನದಿಂದ ಫೋನು ನನ್ನ ಕಣ್ಣಿಗೆ ಬಿದ್ದಿಲ್ಲ.

ನಾಲ್ಕನೆಯದು ಕಿವಿಕ್ಸ್. ಇಡೀ ಕನ್ನಡ ವಿಕಿಪೀಡಿಯವನ್ನು ಒಂದೇ ಫೈಲಿನಲ್ಲಿ ಇಳಿಸಿಕೊಂಡು ಮನೆಯಲ್ಲೇ ಓದಬಹುದು. ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಹರಿದರೆ ಇಲ್ಲಿ ಮೂರು ದಿನ ಏನೂ ಇಲ್ಲ. ಮಗಳಿಗೆ ಶಾಲೆಯ ಪ್ರಾಜೆಕ್ಟಿಗೆ ಆಗುತ್ತದೆ ಅಂತ ಹಾಕಿದೆ.

ಹೊರಗಿನಿಂದ ಸರ್ವರಿಗೆ ಬರುವ ದಾರಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಕನೆಕ್ಷನ್ನಿಗೆ ಸ್ವಂತ ಸಾರ್ವಜನಿಕ ವಿಳಾಸ ಇಲ್ಲ, ರೌಟರಿಗೆ ಸಿಗುವುದು 100.64ರಿಂದ ಶುರುವಾಗುವ, ನೂರಾರು ಮನೆ ಹಂಚಿಕೊಳ್ಳುವ ಸಾಲಿನದು. ಹೊರಗಿನಿಂದ ನೇರ ಒಳಗೆ ಬರುವ ಬಾಗಿಲು, ಅಂದರೆ ಪೋರ್ಟ್, ತೆರೆಯುವ ಮಾತೇ ಇಲ್ಲ. ಅದಿಲ್ಲದೆಯೇ ನಮ್ಮ ಫೋನು, ಸರ್ವರ್‌ಗಳನ್ನು ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ಹಾಕಿದೆ, ಹತ್ತು ನಿಮಿಷದ ಕೆಲಸ. ಬ್ಯಾಕಪ್ಪಿಗೆ ರೆಸ್ಟಿಕ್. ಒಂದು ಪ್ರತಿ ಮನೆಯ ಯುಎಸ್‌ಬಿ ಡಿಸ್ಕಿನಲ್ಲಿ, ಅದು ಪ್ಲಗ್ಗಿನಿಂದ ದೂರ ಟ್ರಂಕಿನಲ್ಲೇ ಇರುತ್ತದೆ, ಭಾನುವಾರ ಮಾತ್ರ ಹೊರಗೆ ಬರುತ್ತದೆ. ಇನ್ನೊಂದು ಪ್ರತಿ ಬೆಂಗಳೂರಲ್ಲಿ ತಮ್ಮನ ಮನೆಯಲ್ಲಿ. ಅಷ್ಟೂ ಫೋಟೊ ಇಲ್ಲಿಂದ ಅಪ್‌ಲೋಡ್ ಮಾಡುವುದು ದೂರದ ಮಾತು. ಮೊದಲ ಪ್ರತಿ ದೀಪಾವಳಿ ಮುಗಿಸಿ ಹೊರಟ ತಮ್ಮನ ಬ್ಯಾಗಿನಲ್ಲಿ, ಹಪ್ಪಳದ ಪಕ್ಕ ಕೂತು, ರಾತ್ರಿ ಬಸ್ಸಿನಲ್ಲಿ ಹೋಯಿತು. ಹೊಸತಾಗಿ ಸೇರಿದ್ದು ಮಾತ್ರ ಈಗ ದಿನಾ ಹೋಗುತ್ತದೆ.

ಪ್ಲಗ್ಗಿನ ವಿಷಯಕ್ಕೆ ಎರಡು ಏರ್ಪಾಡು ಮಾಡಿದೆ. ಯಂತ್ರ ಹೇಗೆ ಶುರುವಾಗಬೇಕು ಅಂತ ಹೇಳುವ ಬಯೋಸಿನಲ್ಲಿ ಎಸಿ ರಿಕವರಿ ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನು ಪವರ್ ಆನ್‌ಗೆ ಇಟ್ಟೆ. ಕರೆಂಟು ಬಂದ ಕೂಡಲೇ ತಾನೇ ಏಳುತ್ತದೆ, ಗುಂಡಿ ಒತ್ತುವ ಕೆಲಸ ಇಲ್ಲ. ಇನ್ನೊಂದು, ಅಪ್ಪನಿಗೆ ತರಬೇತಿ. ಗುಂಡಿ ಒಮ್ಮೆ ಒತ್ತಿ, ದೀಪ ಆರುವ ತನಕ ಕಾಯಿರಿ, ಆಮೇಲೆ ಕೀಳಿ. ಇಪ್ಪತ್ತು ಸೆಕೆಂಡು ಸಾಕು.

"ಸಿಡಿಲು ಅಷ್ಟು ಹೊತ್ತು ಕಾಯತ್ತೇನೋ?" ಅಂದರು.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಅಂದಿನಿಂದ ಒತ್ತಿ, ಕಾದೇ ಕೀಳುತ್ತಾರೆ.

ಡಬ್ಬಿ ಈಗ ಜಗಲಿಯಲ್ಲಿ, ಫೈಬರಿನ ಪೆಟ್ಟಿಗೆ ಪಕ್ಕ ಇದೆ. ಅಟ್ಟದಲ್ಲಿಟ್ಟರೆ ಇಲಿ, ಒಳಗಿಟ್ಟರೆ ಒಲೆಯ ಹೊಗೆ. ಯಾವಾಗಲೂ ಸ್ವಲ್ಪ ಬೆಚ್ಚಗಿರುತ್ತದೆ ಅಂತ ಅಮ್ಮನಿಗೆ ಗೊತ್ತಾಗಿದೆ. ಸೆಪ್ಟೆಂಬರಿನ ಜಡಿ ಮಳೆಯಲ್ಲಿ ಒಂದು ದಿನ ನೋಡಿದರೆ ಅದರ ಮೇಲೆ ಎರಡು ಬೆಂಕಿಪೊಟ್ಟಣ. ಕಡ್ಡಿ ತೇವ ಆಗುವುದಿಲ್ಲವಂತೆ. ಗಾಳಿ ಆಡುವ ಕಿಂಡಿ ಬಿಟ್ಟು ಇಡು ಅಂತ ಹೇಳಿ ಸುಮ್ಮನಾದೆ. ಹದಿನೇಳರ ಪಟ್ಟಿಯಲ್ಲಿ ಇಲ್ಲದಿದ್ದರೂ ಅಮ್ಮ ದಿನಾ ಬಳಸುವ ಸರ್ವಿಸ್ ಅದೊಂದೇ.

ಅಕ್ಟೋಬರ್ ಕೊನೆಯ ಒಂದು ಸಂಜೆ ಅಪ್ಪ ಜಗಲಿಯ ಕುರ್ಚಿಯಲ್ಲಿ ಕೃಷ್ಣ ಸಂಧಾನ ಕೇಳುತ್ತಿದ್ದರು. ಆಗುಂಬೆ ಕಡೆ ಮಿಂಚಿತು. ಎಣಿಸಿದರು, ಹನ್ನೊಂದಕ್ಕೆ ಗುಡುಗಿತು. ಎದ್ದು ಟಿವಿ ಕಿತ್ತರು, ಫ್ರಿಜ್ ಕಿತ್ತರು. ಸರ್ವರಿನ ಗುಂಡಿ ಒತ್ತಿ, ಬಗ್ಗಿ ದೀಪ ಆರುವುದನ್ನೇ ನೋಡಿ, ಅದನ್ನೂ ಕಿತ್ತರು. ವಾಪಸ್ ಬಂದು ಕೂತರು. ಫೋನಿನಲ್ಲಿ ಕೌರವ ಇನ್ನೂ ಒಂದು ನಿಮಿಷ ಮಾತಾಡಿದ, ಆಮೇಲೆ ನಡುವಿನಲ್ಲೇ ನಿಂತುಬಿಟ್ಟ.

"ಎಂತದಾ ಇದು? ಒಳ್ಳೇ ಹೊತ್ತಿಗೆ ನಿಂತು ಹೋಯ್ತಲ್ಲ."

"ನೀವೇ ಕಿತ್ತದ್ದಲ್ವಾ ಅಪ್ಪ?"

ಮಾತಾಡಲಿಲ್ಲ. ಫೋನನ್ನು ತೊಡೆಯ ಮೇಲಿಟ್ಟು ಮಳೆ ನೋಡುತ್ತಾ ಕೂತರು. ಸ್ವಲ್ಪ ಹೊತ್ತಿಗೆ ಮತ್ತೆ ಮಿಂಚಿತು. ಬಾಯಲ್ಲೇ ಎಣಿಸಲು ಶುರು ಮಾಡಿದರು, ನಾನೂ ಮನಸ್ಸಿನಲ್ಲಿ ಎಣಿಸಿದೆ. ನನ್ನ ಲೆಕ್ಕದಲ್ಲಿ ಹದಿಮೂರಕ್ಕೆ ಗುಡುಗಿತು.

"ಇಪ್ಪತ್ತಾಯ್ತು" ಅಂದರು ಅಪ್ಪ, ಪ್ಲಗ್ ಹಾಕಲು ಎದ್ದರು.